ದುರ್ಗದ ಬೆಟ್ಟಗಳಲ್ಲಿ ಒಂದು ದಿನದ ಚಾರಣ: ನೆರಳು ಮೊದಲು, ತುದಿ ಆಮೇಲೆ

ದುರ್ಗ ಅಂದರೆ ಚಿತ್ರದುರ್ಗ, ಅದರ ಸುತ್ತಲಿನ ಬೆಟ್ಟ ಹತ್ತಲು ಹೋಗಿ ಅರ್ಧಕ್ಕೇ ವಾಪಸ್ ಬಂದವರ ಕತೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬೆಳಿಗ್ಗೆ ದಾವಣಗೆರೆ ಬಿಡುತ್ತಾರೆ. ಬಿಡುವ ಮುಂಚೆ ಬೆಣ್ಣೆ ದೋಸೆ ಆಗಲೇಬೇಕು. 60 ಕಿಲೋಮೀಟರ್ ಹೈವೇ ಮುಗಿಸಿ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಒಂಬತ್ತೂವರೆ. ಅಲ್ಲಿಂದ ನೇರ ತುದಿಗೆ. ಹನ್ನೊಂದೂವರೆಗೆ ಬಂಡೆ ಕಾದಿರುತ್ತದೆ, ನೀರು ತಳ ಕಂಡಿರುತ್ತದೆ, ಆಗ ಶುರುವಾಗುತ್ತದೆ ನೆರಳಿನ ಹುಡುಕಾಟ. ಒಂದು ಮಂಟಪ ಸಿಕ್ಕರೂ ಅದರ ಚಾವಣಿಯಲ್ಲಿ ಹೆಜ್ಜೇನು, ಇಲ್ಲವೇ ಅದು ಇನ್ನೊಂದು ಗುಡ್ಡದ ಮೇಲೆ.

ಇವರಲ್ಲಿ ಬಹಳ ಜನಕ್ಕೆ ನಡೆಯುವ ಶಕ್ತಿ ಚೆನ್ನಾಗಿಯೇ ಇರುತ್ತದೆ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಇಲ್ಲಿನ ಕ್ರಮ ಹೀಗಿರಬೇಕು: ಬೆಟ್ಟ ಯಾರದ್ದು ಅಂತ ತಿಳಿಯುವುದು, ಹಗಲು ತಂಗುವ ಜಾಗ ಗೊತ್ತುಮಾಡುವುದು, ಹೊತ್ತು ಲೆಕ್ಕ ಹಾಕುವುದು, ಚೀಲ ತುಂಬುವುದು, ಆಮೇಲೆ ಹತ್ತುವುದು.

ಇನ್ನೊಂದು ಮಾತು. ಕೆನಡಾದ ಗ್ಯಾಟಿನೋ ಉದ್ಯಾನದಂಥ ಕಡೆ ನಡೆದು ಬಂದವರು ಹಗಲು ಹೊತ್ತು ಕೂರಲೆಂದೇ ಕಟ್ಟಿದ ಪುಟ್ಟ ಮರದ ಮನೆಗಳಿವೆ, ಒಳಗೆ ಸೌದೆ ಒಲೆ ಕೂಡ ಇರುತ್ತದೆ. ಅಂಥ ವಿಡಿಯೋ ನೋಡಿ ಬಂದವರು ಇಲ್ಲಿ ಬಾಗಿಲು ಹುಡುಕುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡುವುದು ಕಲ್ಲಿನ ಮಂಟಪ, ಗುಡಿಯ ಜಗಲಿ, ಅರಳಿಕಟ್ಟೆ. ಬಾಗಿಲೂ ಇಲ್ಲ, ಬುಕಿಂಗೂ ಇಲ್ಲ, ಒಲೆಯಂತೂ ಹಚ್ಚುವ ಹಾಗೇ ಇಲ್ಲ.

## ಹಂತ 1: ಬೆಟ್ಟ ಯಾರದ್ದು ಅಂತ ಮೊದಲು ತಿಳಿಯಿರಿ

ದೂರದಿಂದ ಎಲ್ಲ ಗುಡ್ಡವೂ ಒಂದೇ ಥರ ಕಾಣುತ್ತದೆ. ಆದರೆ ಒಂದೊಂದರ ಕಟ್ಟಳೆ ಒಂದೊಂದು.

ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿದೆ. ಟಿಕೆಟ್ ತಗೊಂಡು ಒಳಗೆ ಹೋದರೆ ಬಾಗಿಲು ಹಾಕುವ ತನಕ ಮಂಟಪಗಳಲ್ಲಿ ಕೂತು ಸುಧಾರಿಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಬಾಗಿಲು ಹಾಕುವ ಹೊತ್ತನ್ನು ಟಿಕೆಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಕೋಟೆಯನ್ನೇ. ಏಳು ಸುತ್ತು ಹತ್ತಿ ಇಳಿದರೆ ಕಾಲಿಗೆ ಬೇಕಾದಷ್ಟು ಕೆಲಸ ಆಗುತ್ತದೆ, ನೆರಳು ಹೆಜ್ಜೆಹೆಜ್ಜೆಗೂ ಇದೆ, ಏನಾದರೂ ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಜನ ಇರುತ್ತಾರೆ.

ಜೋಗಿಮಟ್ಟಿ ವನ್ಯಜೀವಿಧಾಮ. ಜಗಳೂರು ತಾಲೂಕಿನ ರಂಗಯ್ಯನದುರ್ಗವೂ ಅಷ್ಟೇ, ಅದು ಕೊಂಡುಕುರಿಗಳ, ಅಂದರೆ ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿಗಳ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಕಡೆ ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಜೋಗಿಮಟ್ಟಿಯ ಮೇಲಿನ ತನಕ ರಸ್ತೆ ಇದೆ ನಿಜ, ಹಾಗಂತ ಪಕ್ಕದ ಕಾಲುದಾರಿಗಳೆಲ್ಲ ನಮ್ಮದು ಅಂತ ಅಲ್ಲ. ಹಿಂದಿನ ದಿನವೇ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಬೆಂಕಿ ಬಿದ್ದ ಬೇಸಿಗೆಯಲ್ಲಿ, ಕರಡಿ ಓಡಾಟ ಜಾಸ್ತಿಯಾದಾಗ ದಾರಿ ಮುಚ್ಚಿರುತ್ತಾರೆ. ಗೇಟಿನ ಹತ್ತಿರ ಹೋಗಿ ಜಗಳ ಆಡುವುದಕ್ಕಿಂತ ಇದು ವಾಸಿ.

ಮೂರನೆಯದು ಊರಿನ ಗುಡ್ಡ, ಮೇಲೊಂದು ದೇವರು. ಇಲ್ಲಿ ಅನುಮತಿ ಅಂದರೆ ಬುಡದ ಹಳ್ಳಿಯಲ್ಲಿ ಒಬ್ಬ ಹಿರಿಯರನ್ನು ಕೇಳುವುದು. "ಅಜ್ಜಾ, ಮೇಲೆ ಹೋಗಬಹುದಾ? ಗುಡಿ ಹತ್ರ ಕೂರೋಕೆ ನೆರಳಿದೆಯಾ? ಹೆಜ್ಜೇನು ಕಟ್ಟಿದೆಯಾ?" ಈ ಮೂರು ಪ್ರಶ್ನೆಗೆ ಸಿಗುವ ಉತ್ತರ ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಹುಣ್ಣಿಮೆ, ಜಾತ್ರೆ ಯಾವಾಗ ಅಂತಲೂ ಕೇಳಿ. ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗಕ್ಕೆ ಭರತ ಹುಣ್ಣಿಮೆ ದಿನ ಶಾಂತಿ ಹುಡುಕಿಕೊಂಡು ಹೋದರೆ ಕಾಲಿಡಲು ಜಾಗ ಸಿಕ್ಕುವುದಿಲ್ಲ.

ಇನ್ನು ಗಾಳಿಯಂತ್ರದ ಗುಡ್ಡಗಳು. ಅಗಲವಾದ ಮಣ್ಣಿನ ರಸ್ತೆ ಕಂಡ ಕೂಡಲೇ ಚಾರಣದ ದಾರಿ ಅಂದುಕೊಳ್ಳಬೇಡಿ. ಅದು ಕಂಪನಿಯವರು ಯಂತ್ರ ಸಾಗಿಸಲು ಮಾಡಿಕೊಂಡದ್ದು. ಕಾವಲಿನವರನ್ನು ಕೇಳದೆ ಹೋಗುವುದು ಬೇಡ.

## ಹಂತ 2: ತಂಗುವ ಜಾಗ ಗೊತ್ತುಮಾಡಿ, ಆಮೇಲೆ ದಾರಿ ನೋಡಿ

ಬಹಳ ಜನ ತುದಿಗೆ ಗುರುತು ಹಾಕಿ ಅಲ್ಲಿಗೆ ದಾರಿ ಎಳೆಯುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು ಹನ್ನೊಂದು ಗಂಟೆಗೆ ಎಲ್ಲಿ ಕೂರುತ್ತೀರಿ ಅಂತ ಗೊತ್ತುಮಾಡಿ.

ಫೋನಿನಲ್ಲಿ ಉಪಗ್ರಹ ಚಿತ್ರ ತೆಗೆದು ಗುಡ್ಡವನ್ನು ದೊಡ್ಡದು ಮಾಡಿ ನೋಡಿ. ಮಂಟಪದ ಚಾವಣಿ ಚೌಕಾಕಾರವಾಗಿ ಕಾಣುತ್ತದೆ, ಪಕ್ಕದಲ್ಲಿ ನೆರಳು ಬಿದ್ದಿರುತ್ತದೆ. ಗುಂಡುಕಲ್ಲಿಗೆ ಅಂಥ ನೇರ ಅಂಚು ಇರುವುದಿಲ್ಲ. ಏರಿಳಿತ ತಿಳಿಯಲು ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆ ಚೆನ್ನ. 1:50,000 ಅಳತೆಯ ಹಾಳೆಗಳನ್ನು ಅವರ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಒಂದು ಎತ್ತರದ ಗೆರೆಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 20 ಮೀಟರ್ ಅಂತರ. ಗೆರೆಗಳು ಒತ್ತೊತ್ತಾಗಿ ಬಂದಿದ್ದರೆ ಅಲ್ಲಿ ಕಡಿದಾದ ಬಂಡೆ ಇದೆ ಅಂತ ಅರ್ಥ, ನಿಮ್ಮ ದಾರಿ ಅಲ್ಲಿಂದ ಹೋಗುವುದು ಬೇಡ. ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ, ಗುಡ್ಡದ ಹಿಂಬದಿಗೆ ಹೋದ ಕೂಡಲೇ ಸಿಗ್ನಲ್ ಹೋಗುತ್ತದೆ.

ಒಂದೇ ನೆರಳನ್ನು ನಂಬಬೇಡಿ. ಹತ್ತುವ ದಾರಿಯಲ್ಲಿ ಒಂದು, ತುದಿಯ ಹತ್ತಿರ ಒಂದು, ಎರಡಾದರೂ ಇರಲಿ. ಒಂದರಲ್ಲಿ ಜೇನಿದ್ದರೆ ಇನ್ನೊಂದಕ್ಕೆ ಹೋಗಬಹುದು.

ಗವಿಯನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ನಮ್ಮ ಬಂಡೆಗುಡ್ಡಗಳಲ್ಲಿ ಕರಡಿ ಹಗಲು ಮಲಗುವುದೇ ಅಂಥ ಕಲ್ಲಿನ ಸಂದಿಯಲ್ಲಿ. ಚಂದ್ರವಳ್ಳಿಯ ಅಂಕಲಿ ಮಠದಂಥ ಜನ ಓಡಾಡುವ ಗುಹೆಯ ಮಾತು ಬೇರೆ. ಅಲ್ಲೂ ಒಳಗೆ ಕತ್ತಲು, ಟಾರ್ಚ್ ಮತ್ತು ಜಾಗ ಗೊತ್ತಿರುವವರು ಜೊತೆಗೆ ಬೇಕು. ಅದೇ ಕಡೆಯ ದವಳಪ್ಪನ ಗುಡ್ಡ ಎರಡನೇ ಸಲಕ್ಕಿರಲಿ.

## ಹಂತ 3: ಹೊತ್ತಿನ ಲೆಕ್ಕ

ಬಯಲಿನಲ್ಲಿ ಗಂಟೆಗೆ 5 ಕಿಲೋಮೀಟರ್ ನಡೆಯುವವರು ಬಂಡೆಯ ಮೇಲೆ ಎರಡೂವರೆ ನಡೆದರೆ ಹೆಚ್ಚು. ಅದಕ್ಕೆ ಪ್ರತಿ 300 ಮೀಟರ್ ಏರಿಗೆ ಒಂದು ಗಂಟೆ ಸೇರಿಸಿ. ಅಂದರೆ 3 ಕಿಲೋಮೀಟರ್ ದಾರಿ, 240 ಮೀಟರ್ ಏರು ಇದ್ದರೆ ದಾರಿಗೆ 72 ನಿಮಿಷ, ಏರಿಗೆ 48 ನಿಮಿಷ, ಒಟ್ಟು 2 ಗಂಟೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಲೆಕ್ಕ ಹಿಡಿಯಿರಿ, ಜೋರಾಗಿ ನಡೆಯುವವರದ್ದಲ್ಲ. ಇಳಿಯಲು ಅರ್ಧ ಹೊತ್ತು ಸಾಕು ಅಂತ ಸುಮ್ನೆ ಅಂದುಕೊಳ್ಳುತ್ತಾರೆ. ಬಂಡೆಯಲ್ಲಿ ಹತ್ತಿದಷ್ಟೇ ಹೊತ್ತು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ.

ಫೆಬ್ರುವರಿಯಿಂದ ಮೇ ತನಕ ಒಂದೇ ದಾರಿ: ಬೆಳಕು ಪೂರ್ತಿ ಹರಿದ ಕೂಡಲೇ ಹತ್ತಿ, ಎಂಟೂವರೆ ಒಂಬತ್ತಕ್ಕೆ ತುದಿ ಬಿಡಿ, ಮಂಟಪದಲ್ಲಿ ತಿಂಡಿ ತಿಂದು ಹನ್ನೊಂದರೊಳಗೆ ಬುಡದಲ್ಲಿರಿ. ಕತ್ತಲಲ್ಲೇ ಹೊರಡುವುದು ಬೇಡ, ಕರಡಿ ಚಿರತೆ ತಿರುಗಾಡುವ ಹೊತ್ತು ಅದು. ನವೆಂಬರಿನಿಂದ ಜನವರಿ ತನಕ ಸ್ವಲ್ಪ ಸಲೀಸು. ಹನ್ನೊಂದರೊಳಗೆ ತಂಗುವ ಜಾಗ ಸೇರಿ, ಊಟ ಮಾಡಿ, ಬಿಸಿಲು ಇಳಿಯುವ ತನಕ ಕೂತು, ಮೂರಕ್ಕೆ ಇಳಿಯಲು ಶುರು ಮಾಡಬಹುದು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ 6 ಗಂಟೆ ಸುಮಾರಿಗೆ ಮುಳುಗುತ್ತಾನೆ. ಅದಕ್ಕೆ ಒಂದು ಗಂಟೆ ಮೊದಲೇ ನೀವು ಬುಡದಲ್ಲಿರಬೇಕು.

ಈ ಲೆಕ್ಕದಿಂದ ಒಂದು ಹೊತ್ತು ಸಿಗುತ್ತದೆ: ಎಲ್ಲಿದ್ದರೂ ವಾಪಸ್ ತಿರುಗುವ ಹೊತ್ತು. ಅದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ಯಾವ ಗುಡ್ಡ, ಯಾವ ಕಡೆಯಿಂದ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಅವರು ಏನು ಮಾಡಬೇಕು, ಇಷ್ಟನ್ನೂ. "ಇನ್ನು ಹತ್ತೇ ನಿಮಿಷ, ತುದಿ ಕಾಣ್ತಾ ಇದೆ" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಬಂಡೆಗುಡ್ಡದಲ್ಲಿ ಕಾಣುವ ತುದಿಯ ಹಿಂದೆ ಇನ್ನೊಂದು ತುದಿ ಇರುತ್ತದೆ.

## ಹಂತ 4: ಚೀಲದಲ್ಲಿ ಏನಿರಬೇಕು

ನೀರಿನಿಂದ ಶುರು ಮಾಡಿ. ಚಳಿಗಾಲದಲ್ಲಿ ನಡೆಯುವ ಪ್ರತಿ ಗಂಟೆಗೆ ಒಬ್ಬರಿಗೆ ಅರ್ಧ ಲೀಟರ್, ಬೇಸಿಗೆಯಲ್ಲಿ ಮುಕ್ಕಾಲರಿಂದ ಒಂದು ಲೀಟರ್. ಇದರ ಮೇಲೆ ಒಬ್ಬೊಬ್ಬರಿಗೂ ಒಂದು ಮುಟ್ಟದ ಬಾಟಲಿ. ಬುಡಕ್ಕೆ ಬರುವ ತನಕ ಅದರ ಮುಚ್ಚಳ ತೆಗೆಯುವ ಹಾಗಿಲ್ಲ, ಯಾರಿಗಾದರೂ ತಲೆ ತಿರುಗಿದರೆ ಮಾತ್ರ. ಮೇಲಿನ ದೊಣೆ, ಹೊಂಡದ ನೀರನ್ನು ನಂಬಿ ಹೋಗಬೇಡಿ. ಕೋಟೆಯ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಲು ಚೆಂದ, ಕುಡಿಯಲು ಅಲ್ಲ. ಓಆರ್‌ಎಸ್ ಪೊಟ್ಟಣ ಎರಡು ಇರಲಿ. ಉಪ್ಪು ಹಾಕಿದ ಮಜ್ಜಿಗೆ ಕೂಡ ಬೆಳಗಿನ ಹೊತ್ತಿಗೆ ಒಳ್ಳೆಯದು.

ಊಟಕ್ಕೆ ಒಲೆ ಬೇಡದ್ದು: ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ. ದಾವಣಗೆರೆಯವರು ಮಂಡಕ್ಕಿ ಬಿಡುವುದಿಲ್ಲ ಅಂತ ಗೊತ್ತು, ತನ್ನಿ, ಆದರೆ ಖಾರದ ಜೊತೆ ಅದು ಬಾಯಾರಿಕೆ ಜಾಸ್ತಿ ಮಾಡುತ್ತದೆ. ಕೋಟೆಯಲ್ಲಿ ಮಂಗಗಳಿವೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಸದ್ದು ಮಾಡಿದರೆ ನಿಮ್ಮ ಊಟ ಅವರದ್ದು. ಎಲ್ಲವೂ ಬೆನ್ನಿನ ಚೀಲದೊಳಗೆ.

ಹಿಡಿತ ಇರುವ ಶೂ, ತುಂಬು ತೋಳಿನ ಹತ್ತಿ ಅಂಗಿ, ಟೋಪಿ, ದಪ್ಪನೆಯ ಪ್ಯಾಂಟ್. ಮಳೆ ಮುಗಿದ ಮೇಲೆ ಇಲ್ಲಿನ ಹುಲ್ಲಿನ ಊಬು ಸಾಕ್ಸಿಗೆ ಹೊಕ್ಕರೆ ನಡೆಯುವುದೇ ಕಷ್ಟ, ಹಾಗಾಗಿ ಪ್ಯಾಂಟನ್ನು ಸಾಕ್ಸಿನ ಮೇಲೆ ಬಿಡಿ. ಒಂದು ಕೋಲು, ಟಾರ್ಚ್, ಸೀಟಿ, ಬ್ಯಾಂಡೇಜ್ ಬಟ್ಟೆ, ಕಸಕ್ಕೆ ಖಾಲಿ ಚೀಲ, ತುಂಬಿದ ಪವರ್ ಬ್ಯಾಂಕ್. ಸೆಂಟು ಹಾಕಿಕೊಂಡು ಬರಬೇಡಿ, ಹೆಜ್ಜೇನಿಗೆ ಅದು ಆಗುವುದಿಲ್ಲ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ, ಅದಕ್ಕೆ ಕಾರಣ ಬೇರೆ ಹೇಳಬೇಕಾ?

## ಹಂತ 5: ಹತ್ತುವಾಗ ದಾರಿ ಓದುವುದು

ದಾರಿ ತಪ್ಪುವುದು ಬಹಳ ಸಲ ಕುರಿದಾರಿಯಿಂದ. ಕುರಿ ಮೇಕೆ ಓಡಾಡಿದ ದಾರಿ ಮೊದಲು ಚೆನ್ನಾಗಿಯೇ ಇರುತ್ತದೆ, ಆಮೇಲೆ ನಾಲ್ಕಾಗಿ, ಎಂಟಾಗಿ ಒಡೆದು ಪೊದೆಯಲ್ಲಿ ಮುಗಿಯುತ್ತದೆ. ಜನ ನಡೆದ ದಾರಿ ಒಡೆದರೂ ಮತ್ತೆ ಸೇರುತ್ತದೆ. ಹಾಸುಬಂಡೆಯ ಮೇಲೆ ಗಮನವಿಟ್ಟು ನೋಡಿ, ವರ್ಷಾನುಗಟ್ಟಲೆ ಕಾಲು ಸವೆಸಿದ ಕಡೆ ಕಲ್ಲು ಸ್ವಲ್ಪ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಗುಡಿಯಿರುವ ಗುಡ್ಡವಾದರೆ ಸುಣ್ಣದ ಗುರುತು, ಬಂಡೆಗೆ ಕಡೆದ ಮೆಟ್ಟಿಲೂ ಸಿಗಬಹುದು. ಮುಖದ ಮಟ್ಟದಲ್ಲಿ ಮುಳ್ಳು ತಾಗಲು ಶುರುವಾಯಿತು ಅಂದರೆ ನೀವು ಮೇಕೆಯ ದಾರಿಯಲ್ಲಿದ್ದೀರಿ. ಕೊನೆಯದಾಗಿ ಖಾತ್ರಿಯಿದ್ದ ಜಾಗಕ್ಕೆ ವಾಪಸ್ ಬನ್ನಿ.

ಪ್ರತಿ ಕವಲಿನಲ್ಲಿ ನಿಂತು ಹಿಂದೆ ತಿರುಗಿ ಒಂದು ಫೋಟೋ ತೆಗೆಯಿರಿ. ಇಳಿಯುವಾಗ ನಿಮಗೆ ಕಾಣುವುದು ಆ ನೋಟ, ಹತ್ತುವಾಗಿನ ನೋಟ ಅಲ್ಲ.

ಒದ್ದೆ ಬಂಡೆ ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು. ಒಣ ಬಂಡೆಯ ಮೇಲಿನ ಗರಸು ಅದಕ್ಕಿಂತ ಮೋಸ. ಕಲ್ಲು ಸವೆದು ಉದುರಿದ ಆ ಸಣ್ಣ ಹರಳು ಕಾಲಡಿ ಉರುಳುತ್ತದೆ. ಅಂಥ ಕಡೆ ಪೂರ್ತಿ ಪಾದ ಊರಿ, ಹೆಜ್ಜೆ ಚಿಕ್ಕದು ಮಾಡಿ. ಕೈ ಹಾಕುವ ಮುಂಚೆ ಸಂದಿಯೊಳಗೆ ನೋಡಿ. ಅಲ್ಲಿ ಚೇಳಿರಬಹುದು, ಮಂಡಲದ ಹಾವಿರಬಹುದು.

ಒಂದು ನಿಯಮ ಬಿಡಬೇಡಿ: ಇಳಿಯಲು ಆಗುತ್ತದೆ ಅಂತ ಗೊತ್ತಿಲ್ಲದ ಕಡೆ ಹತ್ತಬೇಡಿ. ಕೋಟೆಯ ತುಪ್ಪದ ಕೊಳದ ಬತ್ತೇರಿಯನ್ನೇ (ಕಾವಲು ಬುರುಜು) ನೋಡಿ. ಬಂಡೆಯಲ್ಲಿ ಕೊರೆದ ಕಾಲ್ಗುಳಿ ಹಿಡಿದು ಹತ್ತುವುದು ಅಷ್ಟು ಕಷ್ಟ ಅಲ್ಲ, ಮೇಲೆ ಗಾಳಿಯಲ್ಲಿ ನಿಂತು ಕೆಳಗೆ ನೋಡಿದಾಗ ಕಾಲು ನಡುಗುತ್ತದೆ, ಮುಂದಿನ ಗುಳಿ ಎಲ್ಲಿದೆ ಅಂತ ಕಾಣುವುದಿಲ್ಲ.

ನೀರು ಅರ್ಧ ಮುಗಿಯಿತಾ? ಎಲ್ಲಿದ್ದರೂ ತಿರುಗಿ. ಇದರಲ್ಲಿ ಚರ್ಚೆ ಬೇಡ.

## ಹಂತ 6: ಮಂಟಪಕ್ಕೆ ಬಂದಾಗ

ನೇರ ಒಳಗೆ ಹೋಗಿ ಚೀಲ ಎಸೆದು ಮಲಗುವುದೇ ಎಲ್ಲರೂ ಮಾಡುವ ತಪ್ಪು. ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಲ್ಲಿ.

ಮೊದಲು ಮೇಲೆ ನೋಡಿ. ಚಾವಣಿಯ ಅಡಿ, ತೊಲೆಗಳ ಸಂದಿ, ಪಕ್ಕದ ಬಂಡೆಯ ಚಾಚು. ಕಪ್ಪಗೆ ಅರ್ಧಚಂದ್ರದ ಹಾಗೆ ಜೋತುಬಿದ್ದಿದ್ದರೆ ಹೆಜ್ಜೇನು. ಹುಳುಗಳು ಅಲೆಅಲೆಯಾಗಿ ಮಿನುಗುತ್ತಿದ್ದರೆ ಅವು ನಿಮ್ಮನ್ನೋ ಇನ್ಯಾವುದನ್ನೋ ಎಚ್ಚರಿಸುತ್ತಿವೆ. ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಕಲ್ಲು ಹೊಡೆಯುವುದು, ಹೊಗೆ ಹಾಕುವುದು, ಫ್ಲ್ಯಾಶ್ ಹಾಕಿ ಫೋಟೋ ತೆಗೆಯುವುದು ಯಾವುದೂ ಬೇಡ.

ಆಮೇಲೆ ಕಲ್ಲು ನೋಡಿ. ತೊಲೆಯಲ್ಲಿ ಸೀಳು, ವಾಲಿದ ಕಂಬ, ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡ ಕಂಡರೆ ಅದರಡಿ ಕೂರಬೇಡಿ. ನೂರಾರು ವರ್ಷ ನಿಂತಿದೆ ಅನ್ನುವುದು ಇವತ್ತೂ ನಿಲ್ಲುತ್ತದೆ ಅನ್ನುವುದಕ್ಕೆ ಖಾತ್ರಿ ಅಲ್ಲ. ಕೊನೆಗೆ ನೆಲ: ಕೋಲಿನಿಂದ ಮೂಲೆಗಳನ್ನು ತಟ್ಟಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ.

ಕೂರುವುದು ಉತ್ತರ ಇಲ್ಲವೇ ಪೂರ್ವದ ಬದಿಗೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಬಿಸಿಲು ಒಳಗೆ ನುಗ್ಗುತ್ತದೆ. ಈ ಸಣ್ಣ ವಿಷಯ ಗೊತ್ತಿಲ್ಲದೆ ಎರಡು ಗಂಟೆಯಲ್ಲಿ ನಾಲ್ಕು ಸಲ ಜಾಗ ಬದಲಿಸುವವರಿದ್ದಾರೆ.

ಒಳಗೆ ಮೊದಲೇ ಯಾರಾದರೂ ಇದ್ದರೆ ಮಾತಾಡಿಸಿ ಕೂರಿ. ಕುರಿ ಕಾಯುವವರಿಗೆ ಅದು ದಿನದ ನೆರಳು, ನಿಮಗೆ ಒಂದು ದಿನದ್ದು. ಗುಡಿಯ ಜಗಲಿಯಾದರೆ ಚಪ್ಪಲಿ ಹೊರಗೆ, ಮಾಂಸ ಮದ್ಯದ ಮಾತೇ ಇಲ್ಲ. ಬೆಂಕಿ ಎಲ್ಲಿಯೂ ಬೇಡ, ಸಣ್ಣ ಗ್ಯಾಸ್ ಸ್ಟೌವ್ ಕೂಡ. ಕಾಡಿನಲ್ಲಿ ಅದು ಅಪರಾಧ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಮಂಟಪದಲ್ಲಿ ಹಚ್ಚಿದರೆ ಬಿಸಿಗೆ ಗ್ರಾನೈಟ್ ಹಕ್ಕಳೆಯಾಗಿ ಏಳುತ್ತದೆ, ಮಸಿ ಹೋಗುವುದೇ ಇಲ್ಲ. ಹೆಸರು ಕೆತ್ತುವವರಿಗೆ ಒಂದು ಮಾಹಿತಿ: ಸಂರಕ್ಷಿತ ಸ್ಮಾರಕ ಕೆಡಿಸಿದರೆ 2 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಬಾಳೆಹಣ್ಣಿನ ಸಿಪ್ಪೆ ಸಮೇತ ಎಲ್ಲ ಕಸವೂ ವಾಪಸ್ ಚೀಲಕ್ಕೆ. ಶೌಚ ಬುಡದಲ್ಲೇ ಮುಗಿಸಿ ಬನ್ನಿ. ಬಂಡೆಗುಡ್ಡದಲ್ಲಿ ಗುಂಡಿ ತೋಡುವಷ್ಟು ಮಣ್ಣೇ ಇರುವುದಿಲ್ಲ.

ಎಷ್ಟೇ ಹಿತವಾಗಿದ್ದರೂ ಇದು ಹಗಲಿನ ಜಾಗ. ರಾತ್ರಿ ಉಳಿಯುವ ಯೋಚನೆ ಬೇಡ.

## ಹಂತ 7: ಎಚ್ಚರಿಕೆಯ ಗುರುತುಗಳು

ಬಿಸಿಲು. ತಲೆನೋವು, ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆನ್ನುವುದು ಮೊದಲ ಗುರುತು. ನೆರಳು, ಓಆರ್‌ಎಸ್, ಒದ್ದೆ ಬಟ್ಟೆ, ಅರ್ಧ ಗಂಟೆ ವಿರಾಮ, ಆಮೇಲೆ ಇಳಿಯುವುದು ಮಾತ್ರ. ಮಾತು ತೊದಲಿದರೆ, ಗಲಿಬಿಲಿಯಾದರೆ, ಮೈ ಕೆಂಡದ ಹಾಗಾದರೆ ಮುಟ್ಟದ ಬಾಟಲಿ ಅವರ ಮೈಮೇಲೆ ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ. ನಿಂತು ಕೈ ಬೀಸಿದರೆ ಇನ್ನಷ್ಟು ಬರುತ್ತವೆ. ಹೊಂಡಕ್ಕೆ ಹಾರಬೇಡಿ, ತಲೆ ಎತ್ತುವ ತನಕ ಅವು ಮೇಲೆಯೇ ಕಾಯುತ್ತವೆ. ತುಂಬಾ ಕಡಿದಿದ್ದರೆ, ಉಸಿರು ಕಟ್ಟಿದ ಹಾಗಾದರೆ ಆಸ್ಪತ್ರೆಗೆ ತಡ ಬೇಡ.

ಕರಡಿ. ಅಗೆದ ಹುತ್ತ, ಹಣ್ಣಿನ ಬೀಜ ತುಂಬಿದ ಲದ್ದಿ ಕಂಡರೆ ಹತ್ತಿರದಲ್ಲೇ ಓಡಾಡಿದೆ ಅಂತ. ಪೊದೆ ದಟ್ಟವಾದ ಕಡೆ ಮಾತಾಡಿಕೊಂಡು ನಡೆಯಿರಿ. ದಿಢೀರ್ ಎದುರಾದರೆ ಮಾತ್ರ ಅದು ಮೈಮೇಲೆ ಬರುವುದು ಜಾಸ್ತಿ. ದೂರದಲ್ಲಿ ಕಂಡರೆ ಓಡದೆ, ಬೆನ್ನು ತಿರುಗಿಸದೆ ನಿಧಾನ ಹಿಂದೆ ಸರಿಯಿರಿ.

ಗುಡುಗು. ಏಪ್ರಿಲ್, ಮೇ ಮತ್ತು ಹಿಂಗಾರಿನ ಮಧ್ಯಾಹ್ನಗಳಲ್ಲಿ ಮೋಡ ಬೇಗ ಏರುತ್ತದೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರ್ ಒಳಗಿದೆ. ಮಳೆಗೆ ಮಂಟಪ ಸಾಕು, ಸಿಡಿಲಿಗೆ ಸಾಲದು. ತುದಿಯಲ್ಲಿರುವ ತೆರೆದ ಮಂಟಪ, ಒಂಟಿ ಮರ, ಗಾಳಿಯಂತ್ರದ ಬುಡ ಮೂರೂ ಬಿಟ್ಟು ತಗ್ಗಿಗೆ ಇಳಿಯಿರಿ, ಸಾಧ್ಯವಾದರೆ ಕಾರಿನೊಳಗೆ ಸೇರಿಕೊಳ್ಳಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಗಡಿಯಾರ ತೆಗೆಯಿರಿ, ಕಚ್ಚಿದ ಕಾಲು ಅಲುಗದ ಹಾಗೆ ಕೋಲು ಕಟ್ಟಿ ಹೊತ್ತುಕೊಂಡು ಇಳಿಸಿ. ನಾಟಿ ಔಷಧಿಗೆ ಹೊತ್ತು ಕಳೆಯದೆ ವಿಷಕ್ಕೆ ಇಂಜೆಕ್ಷನ್ ಇರುವ ದೊಡ್ಡಾಸ್ಪತ್ರೆಗೆ. ಹಾವನ್ನು ಹಿಡಿದು ತರುವ ಅಗತ್ಯ ಇಲ್ಲ.

## ಹಂತ 8: ಇಳಿಯುವುದು, ದಾರಿ ತಪ್ಪಿದರೆ

ಮೊಣಕಾಲು ಸೋತಿರುತ್ತದೆ, ಮನಸ್ಸು ಆಗಲೇ ಮನೆಗೆ ಹೋಗಿರುತ್ತದೆ. ಅದಕ್ಕೇ ಬೀಳುವುದು ಇಳಿಯುವಾಗ ಜಾಸ್ತಿ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಇಲ್ಲವೇ ಕೂತು ಜಾರಿ. ನಾಚಿಕೆ ಏನಿಲ್ಲ, ಪ್ಯಾಂಟ್ ಹರಿದರೆ ಹೊಲಿಸಬಹುದು. ಬಂದ ದಾರಿಯಲ್ಲೇ ಇಳಿಯಿರಿ, ಹತ್ತಿರದ ದಾರಿ ಅಂತ ಹೊಸದು ಹುಡುಕಬೇಡಿ.

ದಾರಿ ತಪ್ಪಿದೆ ಅನ್ನಿಸಿದರೆ ಅಲ್ಲೇ ಕೂತು ನೀರು ಕುಡಿದು ಫೋಟೋಗಳನ್ನು ನೋಡಿ. ಒಣಗಿದ ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಒಬ್ಬರಾದರೂ ಹೇಳುತ್ತಾರೆ. ನಮ್ಮ ಗುಡ್ಡಗಳಲ್ಲಿ ಅಂಥ ಹಳ್ಳ ದೊಡ್ಡ ಗುಂಡುಗಳ ನಡುವೆ ಹೋಗಿ ಒಂದು ಜಾರುಬಂಡೆಯ ಅಂಚಿನಲ್ಲಿ ನಿಲ್ಲುತ್ತದೆ, ಮೇಲೆ ಬರಲೂ ಆಗುವುದಿಲ್ಲ. ಅದರ ಬದಲು ತೆರೆದ ದಿಣ್ಣೆಗೆ ಬನ್ನಿ. ಸಿಗ್ನಲ್ ಸಿಗುವುದೂ ಅಲ್ಲೇ, ಬೇರೆಯವರಿಗೆ ನೀವು ಕಾಣುವುದೂ ಅಲ್ಲೇ. 112ಕ್ಕೆ ಫೋನ್ ಮಾಡಿ, ಕಾಡಿನೊಳಗಾದರೆ ಅರಣ್ಯ ಇಲಾಖೆಯ 1926ಕ್ಕೂ. ಸೀಟಿಯನ್ನು ಮೂರು ಮೂರು ಸಲ ಊದಿ. ಗುಂಪು ಒಡೆಯಬೇಡಿ, "ನಾನು ಹೋಗಿ ನೋಡ್ಕೊಂಡು ಬರ್ತೀನಿ" ಅಂತ ಹೋದವರನ್ನು ಆಮೇಲೆ ಹುಡುಕಬೇಕಾಗುತ್ತದೆ.

ಬುಡಕ್ಕೆ ಬಂದ ಮೇಲೆ ತಲೆ ಎಣಿಸಿ. ಗೇಟಿನವರಿಗೋ, ಬೆಳಿಗ್ಗೆ ದಾರಿ ಹೇಳಿದ ಅಜ್ಜನಿಗೋ ಇಳಿದು ಬಂದಿದ್ದೇವೆ ಅಂತ ಹೇಳಿ. ಆಮೇಲೆ ಮನೆಗೆ ಫೋನ್ ಮಾಡಿ. ನೀವು ಹೇಳಿದ ಹೊತ್ತು ಮೀರಿದರೆ ಅವರು 112ಕ್ಕೆ ಮಾಡಿಯೇ ಬಿಡುತ್ತಾರೆ.